ಮನೆ ದಡಿಯ ಎಣಿಕೆ

ಹದಿಮೂರರ ಮಗ್ಗಿ ನನ್ನನ್ನು ಶಾಲೆಯಿಂದ ಹೊರಗೆ ಹಾಕಿತು. ಮೂರನೆಯ ಇಯತ್ತೆಯಲ್ಲಿದ್ದೆ. ಹದಿಮೂರೇಳ್ಲೆ ಎಂಬಲ್ಲಿಗೆ ಬಂದಾಗ ನಾಲಗೆ ನಿಂತುಬಿಟ್ಟಿತು. ಮಾಸ್ತರರು ನನ್ನ ಬೆರಳ ಸಂದಿಯಲ್ಲಿ ಪೆನ್ಸಿಲ್ ಇಟ್ಟು ಹಿಚುಕಿ, "ಮೊದಲಿಂದ ಹೇಳಲೇ, ದೊಡ್ಡ ದನಿಲೆ ಹೇಳು" ಅಂದರು. ಮೊದಲಿನಿಂದ ಹೇಳಿದೆ, ಮತ್ತೆ ಅಲ್ಲೇ ನಿಂತೆ. ಹೀಗೆ ನಾಲ್ಕು ಸಲ. ಐದನೆಯ ಸಲ ಕೂಗಿಕೊಂಡೇ ದಾಟಿದೆ. ತೊಂಬತ್ತೊಂದು ಎಂದು ಕೂಗಿದವನು ಪಾಟಿಯನ್ನು ಅಲ್ಲೇ ಬಿಟ್ಟು ಓಡಿ ಬಂದೆ. ಯಾರೂ ಹುಡುಕಿಕೊಂಡು ಬರಲಿಲ್ಲ. ಅಪ್ಪನೂ ಒಂದು ಮಾತು ಕೇಳಲಿಲ್ಲ, ಮರುದಿನ ಮಗ್ಗದ ಪಕ್ಕ ಕೂರಿಸಿದ.

ಆವತ್ತಿನಿಂದ ನನಗೆ ಒಂದು ರೋಗ ಹತ್ತಿತು. ಯಾವ ಅಂಕಿಯೇ ಆಗಲಿ, ಕೂಗಿ ಹೇಳಿದರೆ ಮಾತ್ರ ಬರುತ್ತದೆ. ಅದೂ ಮೊದಲಿನಿಂದ ಹೇಳಿದರೆ. ನಡುವೆ ಯಾರಾದರೂ "ಏ ಹೊಳಬಸಪ್ಪ" ಎಂದು ಕರೆದರೆ ಸಾಕು, ಮತ್ತೆ ಒಂದರಿಂದ ಶುರು ಮಾಡಬೇಕು. ಒಂಬತ್ತು ವರ್ಷದ ಹುಡುಗನ ತಲೆಯೊಳಗೆ ಅಂಕಿಗಳನ್ನು ಮೊಳೆ ಹೊಡೆದ ಹಾಗೆ ಹೊಡೆದರು. ಅವು ಇಂದಿಗೂ ಹೊಡೆದ ಸಾಲಿನಲ್ಲೇ ನಿಂತಿವೆ.

ನಮ್ಮದು ಇಳಕಲ್ಲ. ಅಪ್ಪ ಕಾಶಪ್ಪ, ಅವ್ವ, ನಾನು, ನನಗಿಂತ ಏಳು ವರ್ಷ ಚಿಕ್ಕವಳಾದ ತಂಗಿ ಸಿದ್ದವ್ವ. ಮನೆಯಲ್ಲಿ ಎರಡು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ನಾನು.

ನಮ್ಮ ಮನೆಗೆ ಒಂದು ದಡಿ ಇತ್ತು. ಸೀರೆಯ ಅಂಚಿಗೆ ನಮ್ಮಲ್ಲಿ ದಡಿ ಅನ್ನುತ್ತಾರೆ. ಮುತ್ತಜ್ಜಿ ಕಟ್ಟಿದ ದಡಿಯಂತೆ, ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಅಡ್ಡ ನೂಲು ಒಯ್ಯುವ ಲಾಳಿಯ ನಲವತ್ತೆಂಟು ಹೊಡೆತಕ್ಕೆ ಅದರ ಒಂದು ಸುತ್ತು ಮುಗಿಯುತ್ತದೆ. ಯಾವ ಹೊಡೆತಕ್ಕೆ ಅಂಚಿನ ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು ಎಂಬುದು ಮನೆಯ ಎಣಿಕೆ. ಗಂಡುಮಕ್ಕಳಿಗೆ ಮಗ್ಗಕ್ಕೆ ಕೂತ ದಿನ ಹೇಳಿಕೊಡುತ್ತಿದ್ದರು. ಮನೆಗೆ ಬಂದ ಸೊಸೆಗೆ ಮೊದಲ ಯುಗಾದಿಯ ದಿನ, ಮಗ್ಗಕ್ಕೆ ವಿಭೂತಿ ಹಚ್ಚಿ ಕಿವಿಯಲ್ಲಿ ಹೇಳುತ್ತಿದ್ದರು. ಅವ್ವನಿಗೂ ಹಾಗೇ ಸಿಕ್ಕಿತ್ತು. ಹೆಣ್ಣುಮಕ್ಕಳಿಗೆ ಮಾತ್ರ ಹೇಳುತ್ತಿರಲಿಲ್ಲ. ಕೊಟ್ಟ ಮನೆಗೆ ಹೋಗುವಾಗ ಎಣಿಕೆಯನ್ನೂ ಕಟ್ಟಿಕೊಂಡು ಹೋದಾರು ಎಂಬ ಹೆದರಿಕೆ. ಸೀರೆಯನ್ನು ಬಿಚ್ಚಿ ಎಳೆ ಎಣಿಸಿ ಯಾರಾದರೂ ಕಂಡುಹಿಡಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಈಗ ನನಗೂ ಹಾಗೇ ಅನಿಸುತ್ತದೆ. ಆಗ ಅದು ಲಿಂಗದ ಹಾಗೆ ಎದೆಗೆ ಕಟ್ಟಿಕೊಂಡ ವಸ್ತುವಾಗಿತ್ತು.

ಅಪ್ಪ ಎಣಿಕೆಯನ್ನು ತುಟಿಯಲ್ಲೇ ಆಡಿಸುತ್ತಿದ್ದ. ನನಗೆ ಅದು ಆಗಲಿಲ್ಲ. "ಎರಡ ಎತ್ತು, ಮೂರ ಬಿಡು! ಒಂದ ಎತ್ತು, ಏಳ ಬಿಡು!" ಎಂದು ಒದರಿದರೆ ಮಾತ್ರ ನನ್ನ ಕೈ ನಡೆಯುತ್ತಿತ್ತು. ಬಾಯಿ ಮುಚ್ಚಿದರೆ ಲಾಳಿಯೂ ನಿಲ್ಲುತ್ತಿತ್ತು.

"ಕಿವಿ ತೂತ ಬೀಳ್ತಾವಲ್ಲೋ ಮಗನ" ಅನ್ನುತ್ತಿದ್ದಳು ಅವ್ವ.

"ತೂತ ಇದ್ದ ಹುಟ್ಟ್ಯಾವಲ್ಲಬೇ" ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದೆವು.

ಸಿದ್ದವ್ವ ಮನೆಯಲ್ಲಿ ಗುಬ್ಬಿಯ ಹಾಗೆ ಮಾತಾಡುವ ಹುಡುಗಿ. ಶಾಲೆಯಲ್ಲಿ ಮೂರು ವರ್ಷ ಒಂದು ಅಕ್ಷರ ಮಾತಾಡಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು, ಅಷ್ಟೆ. ಅವಳ ಇಯತ್ತೆಯ ಮಾಸ್ತರರು ಅವಳಿಗೆ "ಮೂಕವ್ವ" ಎಂದು ಹೆಸರಿಟ್ಟಿದ್ದರು. ಹೇಗೂ ನಾಲ್ಕನೆಯ ಇಯತ್ತೆ ಮುಗಿದ ಮೇಲೆ ಬಿಡಿಸುವುದೆಂದು ಅಪ್ಪ ಹೇಳಿಯಾಗಿತ್ತು. ಇಳಕಲ್ಲ ಸೀರೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಡಲಿನ ಎಳೆಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೆ ಸಣ್ಣ ಬೆರಳು ಬೇಕು. ಮನೆಯಲ್ಲಿ ಸಣ್ಣ ಬೆರಳು ಅವಳಿಗೊಬ್ಬಳಿಗೇ ಇದ್ದದ್ದು.

ಎಪ್ಪತ್ತೊಂಬತ್ತರ ಜೂನಿನಲ್ಲಿ ಶಾಲೆಗೆ ಹೊಸ ಶಿಕ್ಷಕಿಯಾಗಿ ಅಬೇದಾ ಅಕ್ಕೋರು ಬಂದರು. ಬಾಗಲಕೋಟೆಯವರು, ಇಪ್ಪತ್ತನಾಲ್ಕು ವಯಸ್ಸಿರಬೇಕು. ನಾಲ್ಕನೆಯ ಇಯತ್ತೆಯನ್ನು ಅವರಿಗೆ ಕೊಟ್ಟರು. ಮೊದಲ ವಾರ ಅವರು ಪಾಠವನ್ನೇ ಮಾಡಲಿಲ್ಲ. ಸಂಜೆ ಹೊತ್ತು ಒಂದೊಂದು ಮಗುವಿನ ಮನೆಗೆ ಹೋದರು. ನಮ್ಮ ಮನೆಗೂ ಬಂದರು. ಅವ್ವ ಹಾಸಿದ ಚಾಪೆಯನ್ನು ಬಿಟ್ಟು ಸಿದ್ದವ್ವನ ಪಕ್ಕ ಬರಿ ನೆಲಕ್ಕೆ ಕೂತು, "ನನಗ ಇದ ಬರೂದಿಲ್ಲ. ಕಲಸ್ತೀ ಏನವಾ?" ಎಂದು ಕೇಳಿದರು. ಸಿದ್ದವ್ವ ಆಗ ಕಂಡಿಕೆ ಸುತ್ತುತ್ತಿದ್ದಳು, ಲಾಳಿಯೊಳಗೆ ಇಡುವ ನೂಲಿನ ಸುರುಳಿ ಅದು. ಅಕ್ಕೋರು ಚಕ್ರ ತಿರುಗಿಸಿದರು, ನೂಲು ಹರಿಯಿತು. ಮತ್ತೆ ತಿರುಗಿಸಿದರು, ಮತ್ತೆ ಹರಿಯಿತು. ಮೂರನೆಯ ಸಲ ನೂಲು ಅವರ ಬಳೆಗೆ ಸುತ್ತಿಕೊಂಡಿತು.

ಸಿದ್ದವ್ವ ಕಿಸಕ್ಕನೆ ನಕ್ಕಳು. "ಅಷ್ಟ ಜೋರಲೆ ಅಲ್ರೀ ಅಕ್ಕೋರ. ಎತ್ತ ಹೊಡದಂಗ ಹೊಡೀತೀರಲ್ಲ."

ಶಾಲೆಯವರೊಬ್ಬರು ಅವಳ ದನಿ ಕೇಳಿದ್ದು ಅದೇ ಮೊದಲು. ಅಕ್ಕೋರು ಹಿಗ್ಗಲಿಲ್ಲ, ಹೊಗಳಲಿಲ್ಲ. "ಮತ್ತ ಹೆಂಗ ಹೊಡೀಬೇಕು? ತೋರಸು" ಅಂದರು.

ನಾನು ಮಗ್ಗದಲ್ಲಿ ಕೂತು ನೋಡುತ್ತಿದ್ದೆ. ಖರೆ ಹೇಳುತ್ತೇನೆ, ನನಗೆ ಹೊಟ್ಟೆಯೊಳಗೆ ಕಿಚ್ಚು ಹತ್ತಿತು. ಇವರು ಏಳು ವರ್ಷ ಮೊದಲು ಎಲ್ಲಿ ಹೋಗಿದ್ದರು?

ಅವರ ಶಾಲೆಯ ಸುದ್ದಿ ದಿನಾ ಮನೆಗೆ ಬರತೊಡಗಿತು. ಸಾಲಾಗಿ ಕೂರುವುದಿಲ್ಲ, ಗುಂಪಾಗಿ ಕೂರುತ್ತಾರೆ. ಅಕ್ಕೋರೂ ಗುಂಪಿನೊಳಗೇ ಕೂರುತ್ತಾರೆ. ದಿನಾ ಬೆಳಿಗ್ಗೆ ಅವರು ಕೇಳುವ ಮೊದಲ ಪ್ರಶ್ನೆ: "ನಿನ್ನೆ ಮನ್ಯಾಗ ಏನ ಎಣಿಸಿದ್ರಿ?" ತತ್ತಿ ಮಾರುವವರ ಹುಡುಗ ತತ್ತಿಯ ಲೆಕ್ಕ ಹೇಳುತ್ತಾನೆ, ಕುಂಬಾರರ ಹುಡುಗಿ ಆವಿಗೆಯಲ್ಲಿ ಒಡೆದ ಗಡಿಗೆಯ ಲೆಕ್ಕ ಹೇಳುತ್ತಾಳೆ. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಬಿಡಿಸುತ್ತಾರೆ. ತಡವಾದರೆ ಯಾರೂ ನಗುವುದಿಲ್ಲ. ಪ್ರತಿ ಮಗುವೂ ತನ್ನದೇ ಒಂದು ಪುಸ್ತಕ ಬರೆಯಬೇಕು, ತನ್ನ ಮನೆಯ ಕೆಲಸದ ಪುಸ್ತಕ.

"ಮಗ್ಗಿ ಯಾವಾಗ ಹೇಳಸ್ತಾರಬೇ ಮತ್ತ?" ಎಂದು ನಾನು ಸಿದ್ದವ್ವನನ್ನು ಕೇಳಿದೆ.

"ಹೇಳಸೂದಿಲ್ಲಣ್ಣ. ನಾವ ಮಾಡ್ಕೊಂಡೇವಿ."

"ಮಗ್ಗಿ ಮಾಡ್ಕೋತಾರೇನ? ಅದೇನ ರೊಟ್ಟಿ ಏನು?"

"ಹ್ಞೂಂ" ಅಂದಳು ಸಿದ್ದವ್ವ. "ಬೇಕಾದಾಗ ಬಿಸಿದು ಮಾಡ್ಕೋಬಹುದು."

ದೀಪಾವಳಿಯ ಹೊತ್ತಿಗೆ ಒಂದು ಸಂಗತಿ ಆಯಿತು. ಒಂಬತ್ತು ಗಜದ ಸೀರೆಗೆ ಎಷ್ಟು ಕಂಡಿಕೆ ಬೇಕೆಂದು ಅಪ್ಪ ಅಂದಾಜು ಮಾಡುತ್ತಿದ್ದ. ಸಿದ್ದವ್ವ ಬೂದಿಯ ಮೇಲೆ ಬೆರಳಾಡಿಸಿ ಒಂದು ಅಂಕಿ ಹೇಳಿದಳು. ಅಪ್ಪ ನಕ್ಕುಬಿಟ್ಟ. ಸೀರೆ ಮುಗಿದಾಗ ಅವಳು ಹೇಳಿದ್ದಕ್ಕಿಂತ ಒಂದೇ ಒಂದು ಕಂಡಿಕೆ ಹೆಚ್ಚು ಹಿಡಿದಿತ್ತು. ಆ ವಾರವೇ ಅಕ್ಕೋರು ಬಂದು, ಈ ಹುಡುಗಿಯನ್ನು ಐದನೆಯ ಇಯತ್ತೆಗೆ ಕಳಿಸಿರಿ ಎಂದು ಕೇಳಿಕೊಂಡರು. ಅಪ್ಪ ಲಾಳಿಯನ್ನು ಕೆಳಗಿಟ್ಟ. ಆಮೇಲೆ, "ಆಗ್ಲಿ ತಗೋರಿ. ಏಳನೇತ್ತದ ತನಕಾ ಓದ್ಲಿ. ಕೊಂಡಿ ನಾ ಹಾಕ್ಕೋತೇನಿ" ಅಂದ. ಅಪ್ಪನ ಬೆರಳು ಹುರಿಗಟ್ಟಿದ್ದವು, ಎಳೆ ಹಿಡಿದರೆ ನಿಲ್ಲುತ್ತಿರಲಿಲ್ಲ. ಆದರೂ ಅಂದ. ಸಿದ್ದವ್ವ ಅಡುಗೆಮನೆಗೆ ಓಡಿಹೋಗಿ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸಂಕ್ರಾಂತಿ ಮುಗಿದು ಎಂಟು ದಿನಕ್ಕೆ ಅಕ್ಕೋರು ಮನೆಯವರನ್ನೆಲ್ಲ ಶಾಲೆಗೆ ಕರೆದರು. ಮಕ್ಕಳು ಮಾಡಿದ್ದನ್ನು ಗೋಡೆಗೆ ಹಚ್ಚಿದ್ದೇವೆ, ಬಂದು ನೋಡಿರಿ ಎಂದು. ಅಪ್ಪ ನನ್ನನ್ನು ಕಳಿಸಿದ. ಓಡಿ ಬಂದ ಮೇಲೆ ಆ ಹೊಸ್ತಿಲು ತುಳಿದದ್ದು ಅದೇ ಮೊದಲು. ಬೆರಳ ಸಂದಿ ನೋಯತೊಡಗಿತು.

ಗೋಡೆಯ ನಡುವೆ, ಚೌಕ ಚೌಕ ಗೆರೆಯ ಕಾಗದದ ಮೇಲೆ, ನಮ್ಮ ಮನೆಯ ದಡಿ ಇತ್ತು.

ಎತ್ತುವ ಎಳೆಗೆ ಕೆಂಪು ತುಂಬಿದ ಚೌಕ, ಬಿಡುವ ಎಳೆಗೆ ಖಾಲಿ ಚೌಕ. ನಲವತ್ತೆಂಟು ಸಾಲು. ಪಕ್ಕದಲ್ಲಿ ಅಂಕಿ. ಕೆಳಗೆ ಗುಂಡು ಅಕ್ಷರದಲ್ಲಿ "ಸಿದ್ದವ್ವ ಕಾಶಪ್ಪ, ೪ನೆಯ ಇಯತ್ತೆ". ನಾನು ವರ್ಷಗಟ್ಟಲೆ ಒದರಿದ್ದನ್ನು ಕಣ್ಣಿನಿಂದ ನೋಡಿದ್ದು ಆವತ್ತೇ. ಮೂವತ್ತೊಂದನೆಯ ಸಾಲನ್ನು ನೋಡಬೇಕಾದರೆ ಒಂದನೆಯ ಸಾಲಿನಿಂದ ಬರಬೇಕಾಗಿರಲಿಲ್ಲ. ನೇರ ಮೂವತ್ತೊಂದಕ್ಕೇ ಬೆರಳು ಇಡಬಹುದಿತ್ತು. ಇಟ್ಟೆ. ಒಂದು ಗಳಿಗೆ, ದೇವರ ಆಣೆ, ನನಗೆ ಅಳು ಬಂತು.

ಆಮೇಲೆ ಸಿಟ್ಟು ಬಂತು. ಅಳುವಿಗಿಂತ ಸಿಟ್ಟು ನನಗೆ ಸುಲಭ.

"ಯಾರ ಹೇಳಿದ್ರ ನಿನಗ ಇದನ್ನ?" ಸಿದ್ದವ್ವನನ್ನು ಮೂಲೆಗೆ ಕರೆದು ಕೇಳಿದೆ. "ಅವ್ವ ಹೇಳಿದ್ಲೇನು?"

"ಯಾರೂ ಹೇಳಿಲ್ಲಣ್ಣ. ನೀ ನೇಯಾಗ ಬಾಜೂಕ ಕುಂತ ಕುಂತ ಬಂತು."

"ಸುಳ್ಳ ಹೇಳಬ್ಯಾಡ."

ಅಕ್ಕೋರು ಹತ್ತಿರ ಬಂದರು. ಇದು ಮನೆಯ ಗುಟ್ಟು, ಹೆಣ್ಣುಮಕ್ಕಳಿಗೂ ಹೇಳದ ಎಣಿಕೆ ಎಂದು ನಾನು ಹಲ್ಲು ಕಚ್ಚಿಕೊಂಡು ಹೇಳಿದೆ. "ನನಗ ಗೊತ್ತಿರಲಿಲ್ರಿ" ಎಂದು ತಾವೇ ಕುರ್ಚಿ ಹತ್ತಿ ಕಾಗದವನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. ಅದು ಗೋಡೆಯ ಮೇಲೆ ಇದ್ದದ್ದು ಒಂದು ಮುಂಜಾನೆ ಮಾತ್ರ. ಮನೆಗೆ ತಂದು ಒಲೆಗೆ ಹಾಕಿದೆ. ಅಪ್ಪನಿಗೆ ಹೇಳಲಿಲ್ಲ.

ಯುಗಾದಿಗೆ ಹತ್ತು ದಿನವಿದ್ದಾಗ ಅಪ್ಪನೂ ನಾನೂ ಸೀರೆ ಕೊಡಲು ಪೇಟೆಗೆ ಹೋದೆವು. ಅಂಗಡಿಯ ಸಾವುಕಾರರು ನಮ್ಮ ಸೀರೆಯನ್ನು ಬಿಡಿಸಿ ನೋಡಿ, ಒಳಗಿನಿಂದ ಇನ್ನೊಂದು ಸೀರೆ ತರಿಸಿ ಪಕ್ಕದಲ್ಲಿ ಹಾಸಿದರು. "ಕಾಶಪ್ಪ, ನಿನ್ನ ದಡಿಗೆ ಅವಳಿ ಹುಟ್ಟೈತಿ ನೋಡಪಾ" ಎಂದು ನಕ್ಕರು.

ಅದೇ ದಡಿ. ನಲವತ್ತೆಂಟಕ್ಕೆ ನಲವತ್ತೆಂಟೂ ಅದೇ.

ಅಪ್ಪ ಸೀರೆಯನ್ನು ಮುಟ್ಟಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಒರೆಸಿಕೊಂಡ. ದಾರಿಯಲ್ಲಿ ಬರುವಾಗ ಮುದುಕನಾಗಿದ್ದ. ಆಗ ನಾನು ಗೋಡೆಯ ಕಾಗದದ ಸುದ್ದಿ ಹೇಳಿಬಿಟ್ಟೆ. ಅಪ್ಪ ನಡುಬೀದಿಯಲ್ಲಿ ನಿಂತು ನನ್ನ ಮುಖ ನೋಡಿದ. "ನಮ್ಮ ಹುಡುಗಿನ?" ಅಂದ. ಅಷ್ಟೇ ಅಂದ.

ನಾನು ಅಲ್ಲಿಂದ ಓಡಿದೆ. ಅಕ್ಕೋರ ಶಾಲೆ ನಡೆದಿತ್ತು. ಮಕ್ಕಳು ಅಂಗಳವನ್ನು ದಾರದಿಂದ ಅಳೆಯುತ್ತಿದ್ದರು, ದಾರದ ಒಂದು ತುದಿ ಸಿದ್ದವ್ವನ ಕೈಯಲ್ಲಿತ್ತು. ನಾನು ಅವಳ ಜಡೆಗೆ ಕೈ ಹಾಕಿದೆ.

"ಕಲಸೂದ ಬರೂದಿಲ್ಲ ನಿಮಗ!" ಎಂದು ಅಕ್ಕೋರಿಗೆ ಒದರಿದೆ. "ಹುಡುಗೂರ ಬಾಯಾಗಿಂದ ಮನಿ ಸುದ್ದಿ ತಗೀತೀರಿ, ಅಷ್ಟ! ಹಾಡು ಇಲ್ಲ, ಮಗ್ಗಿ ಇಲ್ಲ, ಏನ ಸಾಲಿ ಇದು? ನಮ್ಮ ಅನ್ನಕ್ಕ ಕಲ್ಲ ಹಾಕಿದ್ರಿ!"

ಇನ್ನೂ ಏನೇನೋ ಅಂದೆ, ಅವರ ಜಾತಿಯನ್ನೂ ಎತ್ತಿದೆ. ಅದನ್ನು ಇಲ್ಲಿ ಹೇಳಲು ನಾಚಿಕೆಯಾಗುತ್ತದೆ. ಅಕ್ಕೋರು ಬಾಯಿಗೆ ಕೈ ಇಟ್ಟುಕೊಂಡು ನಿಂತರು. ಓಣಿಯುದ್ದಕ್ಕೂ ತಂಗಿಯನ್ನು ಜಡೆ ಹಿಡಿದು ಎಳೆದುಕೊಂಡು ಬಂದೆ. ಅವಳು ಅಳಲಿಲ್ಲ. ಅಂಗಡಿ ಕಟ್ಟೆಯ ಮೇಲೆ ಕೂತವರು ನೋಡಿದರು. "ನಾ ಯಾರಿಗೂ ಹೇಳಿಲ್ಲಣ್ಣ" ಎಂದು ಒಂದೇ ಮಾತನ್ನು ಮೂರು ಸಲ ಅಂದಳು. ಮನೆಯ ಬಾಗಿಲಿಗೆ ಬಂದ ಮೇಲೆ ಅದನ್ನೂ ಅನ್ನಲಿಲ್ಲ.

ಅಪ್ಪ, "ಸಾಲಿ ಸಾಕು" ಅಂದ. ಅವ್ವ ಬಾಯಿ ಬಿಡಲಿಲ್ಲ. ಅವಳೇ ಮಗಳಿಗೆ ಹೇಳಿರಬೇಕೆಂಬ ಅನುಮಾನ ಅವಳ ಮೇಲೂ ಇತ್ತು.

ಅಕ್ಕೋರು ಮೂರು ಸಲ ಮನೆಗೆ ಬಂದರು. ಮೂರು ಸಲವೂ ನಾನೇ ಬಾಗಿಲಿಗೆ ಅಡ್ಡ ನಿಂತೆ. "ಪರೀಕ್ಷಾಕ್ಕರೆ ಕಳಸ್ರಿ. ನಾಕ ದಿನದ್ದು" ಅಂದರು. ನಾನು ಕದ ಹಾಕಿದೆ. ನಾನು ಅಷ್ಟಕ್ಕೇ ಬಿಡಲಿಲ್ಲ. ಹುನಗುಂದಕ್ಕೆ ಹೋಗಿ, ಟೈಪು ಮಾಡುವವನ ಮುಂದೆ ಕೂತು, ಈ ಅಕ್ಕೋರು ಮಗ್ಗಿ ಹೇಳಿಸುವುದಿಲ್ಲ, ಶಿಸ್ತು ಇಲ್ಲ, ಮಕ್ಕಳಿಂದ ಮನೆತನದ ಗುಟ್ಟು ಹೊರಗೆ ಹಾಕಿಸುತ್ತಾರೆ ಎಂದು ಶಿಕ್ಷಣ ಇಲಾಖೆಗೆ ಅರ್ಜಿ ಬರೆಸಿದೆ. ಕೆಳಗೆ ಸಹಿ ಮಾಡಿದೆ. ಹೊಳಬಸಪ್ಪ ಎಂದು ಬರೆಯಲು ನನಗೆ ಬರುತ್ತಿತ್ತು. ಶಾಲೆ ನನಗೆ ಕೊಟ್ಟದ್ದು ಅದೊಂದೇ, ಅದನ್ನು ಈ ಕೆಲಸಕ್ಕೆ ಬಳಸಿದೆ.

ಹದಿನೈದು ದಿನಕ್ಕೆ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ನಾನು ಕಿಟಕಿಯ ಹೊರಗೆ ನಿಂತು ನೋಡಿದೆ. ನಾಲ್ಕನೆಯ ಇಯತ್ತೆಯನ್ನು ಸಾಲಾಗಿ ನಿಲ್ಲಿಸಿ, "ಏಳರ ಮಗ್ಗಿ, ಎಲ್ಲಾರೂ ಕೂಡಿ ಹೇಳ್ರಿ" ಅಂದರು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ತತ್ತಿ ಮಾರುವವರ ಹುಡುಗ ಕೈ ಎತ್ತಿದ.

"ಸಾಹೇಬರ, ಏಳೆಂಟ್ಲೆ ಬೇಕೇನ್ರಿ, ಏಳೊಂಬತ್ಲೆ ಬೇಕೇನ್ರಿ? ಯಾವದ ಬೇಕ ಹೇಳ್ರಿ, ಮಾಡಿ ಕೊಡ್ತೇನಿ."

"ಮಾಡಿ ಕೊಡೂದಲ್ಲೋ! ಬಾಯಿಪಾಠ ಹೇಳು!"

"ಎಲ್ಲಾ ಒಮ್ಮೆ ಯಾಕ ಬೇಕ್ರಿ ಮತ್ತ?" ಎಂದು ಹುಡುಗ ನಿಜವಾಗಿಯೂ ತಿಳಿಯದೆ ಕೇಳಿದ.

ಹಿಂದಿನಿಂದ ಯಾರೋ ನಕ್ಕರು. ಸಾಹೇಬರು ನಗಲಿಲ್ಲ, ಹಾಳೆಯ ಮೇಲೆ ಏನೋ ಬರೆದುಕೊಂಡರು. ಬೇಸಿಗೆ ರಜೆಗೆ ಶಾಲೆ ಬಿಡುವ ಮೊದಲೇ ಅಕ್ಕೋರಿಗೆ ವರ್ಗಾವಣೆಯ ಆರ್ಡರ್ ಬಂತು. ಪಟ್ಟದಕಲ್ಲಿನ ಆಚೆ ಹೊಳೆ ದಾಟಿ ಒಂದು ಹಳ್ಳಿ. ನಾನು ಗೆದ್ದೆ. ಆವತ್ತು ಚಹಾದಂಗಡಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ.

ಅದೇ ಚಹಾದಂಗಡಿಯಲ್ಲಿ, ಮೇ ತಿಂಗಳಲ್ಲಿ, ಹನಮಂತಪ್ಪ ನನ್ನ ಪಕ್ಕ ಬಂದು ಕೂತ. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವನದು. ಅವನೂ ನೇಕಾರ, ನನಗಿಂತ ಐದಾರು ವರ್ಷ ದೊಡ್ಡವನು, ನಗೆಗಾರ.

"ಯಾಕಲೇ ಹೊಳಬಸ್ಯಾ, ಇತ್ತಿತ್ತಲಾಗ ನಿನ್ನ ಭಜನಿ ಸಣ್ಣ ಆಗೈತಿ? ನನ್ನ ಕೂಸು ನಿದ್ದಿನ ಮಾಡವಲ್ದು."

"ಎಂಥಾ ಭಜನಿ?"

"ಎರಡ ಎತ್ತು, ಮೂರ ಬಿಡು. ಒಂದ ಎತ್ತು, ಏಳ ಬಿಡು." ಹನಮಂತಪ್ಪ ತೊಡೆಯ ಮೇಲೆ ತಾಳ ಹಾಕುತ್ತ ಹೇಳತೊಡಗಿದ. ಎಲ್ಲೂ ತಡವರಿಸಲಿಲ್ಲ, ಒಂದರಿಂದ ನಲವತ್ತೆಂಟರ ತನಕ. "ಮೂರ ವರ್ಷ ಕೇಳೇನೋ ಮಾರಾಯ. ನನ್ನ ಹೇಣ್ತಿ ಇದನ್ನ ಹಾಡಿ ಕೂಸಿನ್ನ ತೊಟ್ಟಲಾಗ ತೂಗತಾಳ. ಮೊನ್ನೆ ಸುಗ್ಗಿಯೊಳಗ ಕೈ ಖಾಲಿ ಇದ್ದು, ನೋಡೂಣು ಅಂತ ಹಂಗ ನೇದೆ. ಭಾಳ ಚಂದ ಬಂತು. ಸಾವುಕಾರ್ರೂ ಹೌದ ಅಂದ್ರು."

ನನ್ನ ಕೈಯಲ್ಲಿದ್ದ ಚಹಾದ ಬಸಿ ಬಿತ್ತು.

"ಅದು ನಮ್ಮ ಮನಿ ಗುಟ್ಟಲೇ" ಅಂದೆ.

ಹನಮಂತಪ್ಪ ಜೋರಾಗಿ ನಕ್ಕ. "ಗುಟ್ಟ? ಗುಟ್ಟ ಇದ್ರ ಅಷ್ಟ ದೊಡ್ಡ ದನಿಲೆ ಯಾರರೆ ಒದರ್ತಾರೇನಲೇ? ಓಣಿಗೇ ಗೊತ್ತೈತಿ!" ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಯಾಕೋ? ಖರೆನ ಗುಟ್ಟಿತ್ತೇನು? ನಾ ನೇಯೂದ ಬಿಡ್ತೇನಿ ತಮ್ಮಾ. ಹಂಗ ನೋಡಬ್ಯಾಡ."

ಅವನನ್ನು ಹೊಡೆಯಬೇಕು ಎನಿಸಿತು. ಹೊಡೆಯಲು ಅವನ ತಪ್ಪು ಏನಿತ್ತು? ಆ ಮಾಸ್ತರರನ್ನು ಹೊಡೆಯಬೇಕು ಎನಿಸಿತು. ಅವರು ಸತ್ತು ನಾಲ್ಕು ವರ್ಷವಾಗಿತ್ತು. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಮಗ್ಗದಿಂದ ಏಳಲಿಲ್ಲ. ಲಾಳಿಯನ್ನು ಎರಡು ಸಲ ಆಚೆ ಈಚೆ ಓಡಿಸಿ, "ಆಕಿಗೆ ಹೇಳು" ಅಂದ.

ಸಿದ್ದವ್ವ ಕೊಂಡಿ ಹಾಕುತ್ತಿದ್ದಳು. ನಾನು ಎದುರಿಗೆ ಕೂತು ಎಲ್ಲ ಹೇಳಿದೆ. ತಪ್ಪಾಯಿತೆಂದು ಅವಳ ಕಾಲು ಮುಟ್ಟಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಎಳೆಯ ಮೇಲಿನ ಕಣ್ಣು ಎತ್ತಲಿಲ್ಲ. ಎರಡು ತಿಂಗಳಿಂದ ಅವಳು ಮನೆಯಲ್ಲೂ ಶಾಲೆಯಲ್ಲಿದ್ದ ಹಾಗೇ ಇದ್ದಳು. ನೀರು ತಾ ಅಂದರೆ ತರುತ್ತಿದ್ದಳು, ಉಣ್ಣು ಅಂದರೆ ಉಣ್ಣುತ್ತಿದ್ದಳು. ಗುಬ್ಬಿಯ ಮಾತು ಹೋಗಿಬಿಟ್ಟಿತ್ತು.

ಮರುದಿನ ಮೊದಲ ಬಸ್ಸು ಹಿಡಿದೆ. ಬಾದಾಮಿಗೆ ಹೋಗಿ, ಅಲ್ಲಿಂದ ಪಟ್ಟದಕಲ್ಲಿಗೆ ಇನ್ನೊಂದು ಬಸ್ಸು, ಆಮೇಲೆ ಬತ್ತಿದ ಮಲಪ್ರಭೆಯನ್ನು ನಡೆದು ದಾಟಿದೆ. ಶಾಲೆಗೆ ರಜೆಯಾದರೂ ಅಕ್ಕೋರು ಊರಲ್ಲೇ ಇದ್ದರು. ಬಾಡಿಗೆಯ ಒಂದು ಖೋಲಿ. ಅಂಗಳದಲ್ಲಿ ಏಳೆಂಟು ಮಕ್ಕಳು ಹುಣಸೆ ಬೀಜ ಹರವಿಕೊಂಡು ಕೂತಿದ್ದವು. ನನ್ನನ್ನು ನೋಡಿ ಅಕ್ಕೋರು ಎದ್ದು ನಿಂತರು. ಹೆದರಿದರು. ನನ್ನನ್ನು ನೋಡಿ ಒಬ್ಬ ಹೆಣ್ಣುಮಗಳು ಹಾಗೆ ಹೆದರಿದಳು.

ಎಲ್ಲ ಹೇಳಿದೆ. ಅರ್ಜಿ ಬರೆಸಿದ್ದು ನಾನೇ ಎಂದೂ ಹೇಳಿದೆ.

"ಗೊತ್ತೈತ್ರಿ" ಅಂದರು. "ಅದರ ಮ್ಯಾಲ ನಿಮ್ಮ ಸಹಿ ತೋರಿಸಿದ್ರು."

"ತಿರುಗಿ ಬರ್ರಿ ಅಕ್ಕೋರ. ನಾ ಮತ್ತೊಂದ ಅರ್ಜಿ ಬರಸ್ತೇನಿ."

"ಅರ್ಜಿಲೆ ಕಳಸೂದ ಆಗ್ತೈತಿ, ಕರಸೂದ ಆಗೂದಿಲ್ಲ." ಅವರು ಬಿದ್ದ ಹುಣಸೆ ಬೀಜವೊಂದನ್ನು ಹೆಕ್ಕಿಕೊಂಡರು. "ನಂದೂ ತಪ್ಪೈತ್ರಿ. ಹುಡುಗೂರ ಮನಿಯೊಳಗಿಂದ ಕಲೀಲಿ ಅಂತ ಮನಿಯೊಳಗ ಕಾಲಿಟ್ಟೆ. ಇದು ಹೊರಗ ಬರೂದೇನು, ಬ್ಯಾಡೇನು ಅಂತ ಕೇಳಬೇಕಾಗಿತ್ತು, ಕೇಳಲಿಲ್ಲ. ನೀವ ಆಕಿನ್ನ ಎಳಕೊಂಡ ಹೊಂಟಾಗ ಆಕಿ ನನ್ನ ಕಡೆ ನೋಡಿದ್ಲು. ನಾ ಅಡ್ಡ ಬರಲಿಲ್ಲ. ಅಂಜಿದೆ." ಕಣ್ಣು ಒರೆಸಿಕೊಂಡರು. "ಮಾತಾಡ್ತಾಳೇನು?"

"ಇಲ್ರಿ."

"ಜೂನಿಗೆ ಐದನೇತ್ತಕ್ಕ ಹಚ್ಚರಿ. ಹಚ್ಚಾಕ ಹೋದಾಗ ಒಂದ ನೆನಪಿಡ್ರಿ ಹೊಳಬಸಪ್ಪ. ಆಕಿಗೆ ಯಾರರೆ ಏನರೆ ಕೇಳಿದ್ರ ಆಕಿ ಜಲ್ದಿ ಹೇಳೂದಿಲ್ಲ. ನಾ ಒಂದೊಂದ ಸಲ ಅರ್ಧ ತಾಸು ಕಾದೇನಿ. ಕಾದ್ರ ಹೇಳ್ತಾಳ. ಜಗ್ಗಿದ್ರ ಒಳಗ ಹೋಗಿಬಿಡ್ತಾಳ. ಕಾಯ್ರಿ, ಅಷ್ಟ. ಮತ್ತೇನೂ ಬ್ಯಾಡ."

ಕಾಯುತ್ತೇನೆ ಎಂದು ಮಾತು ಕೊಟ್ಟೆ. ಹೊಳೆ ದಾಟಿ ಬರುವಾಗ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡೆ. ಕಾಯಬೇಕು, ಕಾಯಬೇಕು.

ಜೂನ್ ಎರಡನೆಯ ವಾರ ಅವ್ವ ಸಿದ್ದವ್ವನ ಜಡೆ ಹಾಕಿ, ಹೊಸ ಲಂಗ ಉಡಿಸಿದಳು. ಅಪ್ಪ ಮಗ್ಗ ನಿಲ್ಲಿಸಿ ಬಾಗಿಲ ತನಕ ಬಂದ. ಸಿದ್ದವ್ವ ಬರುವುದಿಲ್ಲ ಅನ್ನಲಿಲ್ಲ, ಬರುತ್ತೇನೆ ಅಂತಲೂ ಅನ್ನಲಿಲ್ಲ. ನನ್ನ ಹಿಂದೆ ನಡೆದು ಬಂದಳು. ಶಾಲೆಯ ವರಾಂಡದಲ್ಲಿ ಹೆಸರು ಹಚ್ಚುವವರ ಸಾಲು ಬಾಗಿಲ ಹೊರಗೆ ಬಂದಿತ್ತು. ನಮ್ಮ ಸರದಿ ಬಂದಾಗ ಹೆಡ್ ಮಾಸ್ತರರು ತಲೆ ಎತ್ತಿದರು. ಹೊಸಬರು.

"ನಾಕನೇತ್ತದ ಪರೀಕ್ಷಾ ಕೊಟ್ಟಿಲ್ಲಲ್ಲ ಈಕಿ?"

"ಇಲ್ರಿ. ಅದು ನನ್ನ ತಪ್ಪರಿ. ಭಾಳ ಶಾಣ್ಯಾಕಿ ಅದಾಳ್ರಿ."

"ಇರ್ಲಿ. ತನ್ನ ಹೆಸರು ತಾ ಹೇಳಿ ಒಂದ ನಾಕ ಸಾಲ ಓದಿ ತೋರಸ್ಲಿ. ತಗೋತೇನಿ." ಕೆಟ್ಟ ಮನುಷ್ಯರಲ್ಲ. ನಗುತ್ತಲೇ ಕೇಳಿದರು. "ಏನವಾ ನಿನ್ನ ಹೆಸರು?"

ಸಿದ್ದವ್ವ ಮೇಜಿನ ಅಂಚನ್ನು ನೋಡುತ್ತ ನಿಂತಳು.

ನಾನು ಕಾದೆ. ಹೆಡ್ ಮಾಸ್ತರರೂ ಕಾದರು. ಸಾಲಿನಲ್ಲಿ ಹಿಂದೆ ನಿಂತವರು ಗುಸುಗುಸು ಅಂದರು. "ಕಾಶಪ್ಪನ ಮಗಳಲ್ಲೇನು? ಮೂಕವ್ವ" ಎಂದು ಯಾವುದೋ ಮಗು ಅಂದಿತು. ಸಿದ್ದವ್ವನ ತುಟಿ ಸ್ವಲ್ಪ ತೆರೆದಿತ್ತು. ಅದು ನನಗೆ ಕಂಡಿತ್ತು. ಒಳಗಿನಿಂದ ಏನೋ ಬರುತ್ತಿತ್ತು, ಅರ್ಧ ದಾರಿಗೆ ಬಂದಿತ್ತು. ಇನ್ನೊಂದು ಗಳಿಗೆ ಸಾಕಾಗಿತ್ತು.

"ಹೆಸರು ಹೇಳು!" ಎಂದು ನಾನು ಒದರಿದೆ.

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅದು ನನ್ನ ದನಿಯಾಗಿರಲಿಲ್ಲ. ಆ ಮಾಸ್ತರರ ದನಿ ನನ್ನ ಗಂಟಲಲ್ಲಿ ಎಂಟು ವರ್ಷದಿಂದ ಕೂತಿತ್ತು.

ಸಿದ್ದವ್ವ ಬಾಯಿ ಮುಚ್ಚಿದಳು. ನಾನು ಬಗ್ಗಿ ಅವಳ ಗಲ್ಲ ಹಿಡಿದೆ. "ಇಲ್ಲ ಇಲ್ಲ ನನ್ನವ್ವಾ, ಸಿಟ್ಟಿಲೆ ಅನ್ಲಿಲ್ಲ ನಾ. ನಿನಗ ಬೇಕಾದಾಗ ಹೇಳು. ಸಂಜಿ ತನಕಾ ನಿಲ್ತೇನಿ ಇಲ್ಲೇ." ಅವಳು ನನ್ನ ಕೈಯನ್ನು ಗಲ್ಲದಿಂದ ಮೆಲ್ಲಗೆ ಬಿಡಿಸಿದಳು. ಮೂರು ತಿಂಗಳ ಮೇಲೆ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮನಿಗೆ ಹೋಗೂಣು ನಡಿಯಣ್ಣ" ಅಂದಳು, ದೊಡ್ಡವರು ಮಕ್ಕಳಿಗೆ ಹೇಳುವ ಹಾಗೆ. "ಅಪ್ಪ ಕೊಂಡಿ ಹಾಕ್ಕೋತ ಕುಂತಿರ್ತಾನ. ಆತಗ ಆಗೂದಿಲ್ಲ."

ಹೆಡ್ ಮಾಸ್ತರರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ರಜಿಸ್ಟರಿನ ಆ ಸಾಲನ್ನು ಖಾಲಿ ಬಿಟ್ಟು ಪೆನ್ನನ್ನು ಕೆಳಗಿನ ಸಾಲಿಗೆ ಇಳಿಸಿದರು.

"ಮುಂದಿನವ್ರು ಬರ್ರಿ" ಅಂದರು.